ಇದ್ದಿಲು ಮತ್ತು ಪೆನ್ಸಿಲ್‌ನಲ್ಲಿ ಒಳಗಿನ ಮಾತು ಬಿಡಿಸುವುದು: ಸಾಮಾನಿನಿಂದ ಚೌಕಟ್ಟಿನ ತನಕ

ಅಪ್ಪ ತೀರಿಕೊಂಡು ಮೂರು ತಿಂಗಳಾದರೂ ಆಯಿ, ಅಂದರೆ ನನ್ನ ಅಮ್ಮ, ಅಪ್ಪನ ಸುಣ್ಣದ ಡಬ್ಬಿಗೆ ಸುಣ್ಣ ತುಂಬುತ್ತಿದ್ದಳು. ಶಿರಸಿಯ ನಮ್ಮ ಮನೆಯಲ್ಲಿ ಕವಳ (ಎಲೆಅಡಿಕೆ) ಹಾಕುತ್ತಿದ್ದವನು ಅಪ್ಪ ಒಬ್ಬನೇ. ಜಗುಲಿಯಲ್ಲಿ ಅವನ ಕುರ್ಚಿ, ಪಕ್ಕದ ಸ್ಟೂಲಿನ ಮೇಲೆ ಕವಳದ ಹರಿವಾಣ, ಅದರೊಳಗೆ ಆ ಹಿತ್ತಾಳೆ ಡಬ್ಬಿ. ಆಯಿ ಯಾರ ಎದುರೂ ಅಳಲಿಲ್ಲ. ಬಂದವರಿಗೆ ಚಹಾ ಕೊಟ್ಟಳು, ಅಡಿಕೆ ಸುಲಿಯಲು ಬಂದವರ ಲೆಕ್ಕ ನೋಡಿದಳು. ಆದರೆ ದಿನಾ ಬೆಳಿಗ್ಗೆ ಕಸ ಗುಡಿಸಿದ ಮೇಲೆ, ಡಬ್ಬಿಯ ಅಂಚಿಗೆ ಒಣಗಿ ಹಿಡಿದ ಸುಣ್ಣವನ್ನು ಉಗುರಿನಿಂದ ಕೆರೆದು ತೆಗೆದು, ಹೊಸದು ಹಾಕಿ, ಎರಡು ಹನಿ ನೀರು ಬಿಟ್ಟು ಕಲಸಿ ಇಡುತ್ತಿದ್ದಳು.

ಅದನ್ನು ಚಿತ್ರದಲ್ಲಿ ಹಿಡಿಯಬೇಕು ಅನಿಸಿತು. ಕಾರವಾರದಿಂದ ಊರಿಗೆ ಹೋದಾಗಲೆಲ್ಲ ಆಯಿಯ ಮುಖ ಬಿಡಿಸಿದೆ. ನಾಲ್ಕು ಸಲ. ನಾಲ್ಕೂ ಸಲ ಹಾಳೆಯ ಮೇಲೆ ಯಾರದೋ ದುಃಖದ ಮುಖ ಬಂತು, ಆಯಿ ಬರಲಿಲ್ಲ. ಐದನೇ ಸಲ ಮುಖದ ಆಸೆ ಬಿಟ್ಟು ಖಾಲಿ ಕುರ್ಚಿ ಮತ್ತು ಹರಿವಾಣ ಬಿಡಿಸಿದೆ. ಕುರ್ಚಿಗೆ ಇದ್ದಿಲು, ಡಬ್ಬಿಗೆ ಪೆನ್ಸಿಲ್. ಆವತ್ತು ಅವಳು ಬಂದಳು. ಆ ಚಿತ್ರ ನನಗೆ ಕಲಿಸಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ನನ್ನ ನಂಬಿಕೆ ಇಷ್ಟು: ಅಡಗಿಸಿಟ್ಟ ಭಾವ ಚಿತ್ರದಲ್ಲಿ ಕಾಣಿಸುವುದು ನೀವು ಎಲ್ಲಿ ಎಷ್ಟು ಒತ್ತಿದಿರಿ, ಏನನ್ನು ಅಳಿಸಿದಿರಿ, ಎಲ್ಲಿ ಕೈ ಇಡದೇ ಬಿಟ್ಟಿರಿ ಅನ್ನುವುದರಲ್ಲಿ. ಅದಕ್ಕೆ ಇದ್ದಿಲು ಮತ್ತು ಪೆನ್ಸಿಲ್ ಸಾಕು. ಬಣ್ಣ ಬೇಕಾಗುವುದಿಲ್ಲ.

ಎರಡೂ ಇಂಗಾಲವೇ, ಆದರೆ ಸ್ವಭಾವ ಬೇರೆ

ಪೆನ್ಸಿಲ್ ಕಡ್ಡಿಯನ್ನು ನಾವು ಚಿಕ್ಕಂದಿನಿಂದ ಸೀಸ ಅಂತಲೇ ಕರೆದಿದ್ದೇವೆ. ಅದರಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್ ಮತ್ತು ಜೇಡಿಮಣ್ಣು ಬೆರೆಸಿ ಸುಟ್ಟಿದ್ದು. ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು: ಅದು ಎಚ್. ಗ್ರಾಫೈಟ್ ಜಾಸ್ತಿಯಾದಷ್ಟೂ ಮೆತ್ತಗೆ, ಕಪ್ಪು: ಅದು ಬಿ.

ಗ್ರಾಫೈಟ್‌ನಲ್ಲಿ ಇಂಗಾಲ ಪದರ ಪದರವಾಗಿ ಇರುತ್ತದೆ. ಒಂದು ಪದರ ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಅದಕ್ಕೇ ಗೆರೆ ನುಣುಪು, ಅದಕ್ಕೇ ಬೆಳಕಿಗೆ ಹಿಡಿದರೆ ಮಿಂಚು. ಇದ್ದಿಲಿನ ಪುಡಿಗೆ ಅಂಥ ಶಿಸ್ತಿಲ್ಲ. ಒರಟು ಕಣಗಳು ಹಾಳೆಯ ತರಿಯಲ್ಲಿ ಕೂರುತ್ತವೆ, ಬೆಳಕನ್ನು ನುಂಗುತ್ತವೆ. ಒಂದು ಉಜ್ಜಿಗೆ ಅರ್ಧ ಹಾರಿಹೋಗುತ್ತವೆ.

ಇದರಿಂದ ಒಂದು ನಿಯಮ ಹುಟ್ಟುತ್ತದೆ, ಇದನ್ನು ಮರೆಯಬೇಡಿ. ಇದ್ದಿಲು ಮೊದಲು, ಪೆನ್ಸಿಲ್ ಆಮೇಲೆ. ಪೆನ್ಸಿಲ್ ಒತ್ತಿ ಉಜ್ಜಿದ ಜಾಗದ ಮೇಲೆ ಇದ್ದಿಲು ಹಿಡಿಯುವುದಿಲ್ಲ, ಜಾರುತ್ತದೆ. ನನ್ನ ಮೊದಲ ಚಿತ್ರಗಳಲ್ಲಿ ಅರ್ಧ ಕೆಟ್ಟಿದ್ದು ಇದೊಂದೇ ಕಾರಣಕ್ಕೆ.

ಸಾಮಾನು

ಜಾಸ್ತಿ ಏನೂ ಬೇಡ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಒಂದೊಂದು. ಅಪ್ಸರಾ ಆದರೂ ಸರಿ, ಕ್ಯಾಮ್ಲಿನ್ ಆದರೂ ಸರಿ. ಕಡ್ಡಿ ಇದ್ದಿಲು, ಅಂದರೆ ಸಣ್ಣ ಕಡ್ಡಿಗಳನ್ನು ಸುಟ್ಟು ಮಾಡಿದ್ದು, ನಾಲ್ಕೈದು. ಒತ್ತಿ ಮಾಡಿದ ಇದ್ದಿಲು, ಅಂದರೆ ಕಂಪ್ರೆಸ್ಡ್ ಚಾರ್ಕೋಲ್, ಒಂದೇ ಒಂದು. ಇದರಲ್ಲಿ ಅಂಟು ಇರುತ್ತದೆ. ಕಡ್ಡಿ ಇದ್ದಿಲಿಗಿಂತ ತುಂಬಾ ಕಪ್ಪು, ಆದರೆ ಸರಿಯಾಗಿ ಅಳಿಯುವುದಿಲ್ಲ. ಇದನ್ನು ಕೊನೆಗೆ ಮಾತ್ರ ಮುಟ್ಟಬೇಕು.

ನೀಡಬಲ್ ಇರೇಸರ್ ಒಂದು ಬೇಕೇ ಬೇಕು. ಚಪಾತಿ ಹಿಟ್ಟಿನ ಹಾಗೆ ನಾದಿ, ಚೂಪು ಮಾಡಿ, ಒತ್ತಿ ಎತ್ತಿದರೆ ಇದ್ದಿಲನ್ನು ಎತ್ತಿಕೊಳ್ಳುತ್ತದೆ. ರಬ್ಬರ್ ಬರುವ ಮುಂಚೆ ಯುರೋಪಿನ ಕಲಾವಿದರು ಬ್ರೆಡ್ ತುಂಡಿನಿಂದ ಅಳಿಸುತ್ತಿದ್ದರು. ನಮ್ಮ ಕಡೆ ಅದನ್ನು ಮಾಡಬೇಡಿ. ಉಳಿದ ಪುಡಿಗೆ ಇರುವೆ ಬರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಇದರ ಜೊತೆ ಒಂದು ಗಟ್ಟಿ ಪ್ಲಾಸ್ಟಿಕ್ ಇರೇಸರ್ ಇಟ್ಟುಕೊಂಡು, ಬ್ಲೇಡಿನಿಂದ ಮೂಲೆ ಚೂಪು ಮಾಡಿಕೊಳ್ಳಿ.

ಉಜ್ಜಲು ಹಳೆ ಪಂಚೆಯ ತುಂಡು ಸಾಕು. ಬೆರಳಿನಿಂದ ಉಜ್ಜಬೇಡಿ. ಬೆರಳಿನ ಜಿಡ್ಡು ಹಾಳೆಗೆ ಹತ್ತಿದರೆ ಅಲ್ಲಿ ಇದ್ದಿಲು ಕಲೆಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ನಾನು ಅಪ್ಪನ ಪಂಚೆಯನ್ನೇ ಹರಿದು ಇಟ್ಟುಕೊಂಡಿದ್ದೇನೆ. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ, ಅಂಗಡಿಯ ಯಾವ ಸಾಮಾನಿಗೂ ಆ ಹದ ಬರುವುದಿಲ್ಲ.

ಹಾಳೆ ಮಾತ್ರ ಒಳ್ಳೆಯದು ತಗೊಳ್ಳಿ. 150ರಿಂದ 200 ಜಿಎಸ್‌ಎಂ (ಇದು ಕಾಗದದ ತೂಕದ ಅಳತೆ) ಕಾರ್ಟ್ರಿಜ್ ಕಾಗದ, ಅಂದರೆ ದಪ್ಪ ಡ್ರಾಯಿಂಗ್ ಹಾಳೆ, ಮೇಲೆ ಸ್ವಲ್ಪ ತರಿ ಇರಬೇಕು. ಅಂಗೈ ಸವರಿದರೆ ತಿಳಿಯುತ್ತದೆ. ಹೊಳಪಿನ ಚಾರ್ಟ್ ಹಾಳೆ, ಜೆರಾಕ್ಸ್ ಹಾಳೆ ಬೇಡ. ಒಂದು ಹಲಗೆ, ನಾಲ್ಕು ಕ್ಲಿಪ್, ಒಂದು ಮಾಸ್ಕ್. ಪುಡಿಯನ್ನು ಬಾಯಿಂದ ಊದಬೇಡಿ. ಹಲಗೆಯನ್ನು ನೆಟ್ಟಗೆ ಹಿಡಿದು ಹಿಂಬದಿಗೆ ತಟ್ಟಿದರೆ ಉದುರುತ್ತದೆ.

ಇದ್ದಿಲನ್ನು ಬಚ್ಚಲ ಒಲೆಯಲ್ಲೇ ಸುಡುವುದು

ಅಂಗಡಿಯ ಇದ್ದಿಲು ಸಿಗುತ್ತದೆ, ನಿಜ. ಆದರೂ ಒಮ್ಮೆ ಮನೆಯಲ್ಲೇ ಸುಟ್ಟು ನೋಡಿ. ನಮ್ಮ ದೇಶದ ಹಳೆಯ ಮಿನಿಯೇಚರ್ (ಪುಟ್ಟ ಗಾತ್ರದ) ಚಿತ್ರಗಳ ಕಲಾವಿದರು ಮೊದಲ ಕರಡು ಗೆರೆಗೆ ಹುಣಸೆ ಕಡ್ಡಿಯ ಇದ್ದಿಲು ಬಳಸುತ್ತಿದ್ದರು. ಹುಣಸೆ ನಮ್ಮ ಕಡೆಯೂ ಇದೆ. ಲಕ್ಕಿ ಗಿಡದ ಕಡ್ಡಿ, ದಾಸವಾಳದ ಕಡ್ಡಿಯನ್ನೂ ನಾನು ಸುಟ್ಟು ನೋಡಿದ್ದೇನೆ. ಹುಣಸೆಯದು ಸ್ವಲ್ಪ ಗಟ್ಟಿ, ಗೆರೆ ಸಣ್ಣ. ಲಕ್ಕಿಯದು ಮೆತ್ತಗೆ, ಬೇಗ ಉದುರುತ್ತದೆ, ಆದರೆ ಉಜ್ಜಲು ಚೆಂದ.

ಮಾಡುವ ಕ್ರಮ ಹೀಗೆ. ಕಿರುಬೆರಳಿಗಿಂತ ಸಣ್ಣ ಕಡ್ಡಿಗಳನ್ನು ಕೊಯ್ದು, ಸಿಪ್ಪೆ ಸುಲಿದು, ಎರಡು ವಾರ ನೆರಳಲ್ಲಿ ಒಣಗಿಸಿ. ಹಸಿ ಇದ್ದರೆ ಸೀಳುತ್ತವೆ. ಗಟ್ಟಿ ಮುಚ್ಚಳದ ಒಂದು ತಗಡಿನ ಡಬ್ಬಿ ತಗೊಂಡು ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು ಮಾಡಿ. ಪ್ಲಾಸ್ಟಿಕ್ ಲೇಪ ಇರುವ ಡಬ್ಬಿ ಬೇಡ. ಕಡ್ಡಿಗಳನ್ನು ಒತ್ತೊತ್ತಾಗಿ, ಅಲುಗಾಡದಂತೆ ತುಂಬಿ. ಡಬ್ಬಿಯನ್ನು ಬಚ್ಚಲ ಒಲೆಯ ಕೆಂಡದ ಮೇಲೆ ಇಡಿ.

ಮೊದಲು ತೂತಿನಿಂದ ಬಿಳಿ ಹೊಗೆ ಬರುತ್ತದೆ, ಅದು ನೀರಿನ ಆವಿ. ಆಮೇಲೆ ಹೊಗೆ ಹಳದಿಗೆ ತಿರುಗುತ್ತದೆ, ಕೆಲವೊಮ್ಮೆ ತೂತಿನ ಬಾಯಲ್ಲೇ ಸಣ್ಣ ಉರಿ ಹತ್ತಿಕೊಳ್ಳುತ್ತದೆ. ಹೆದರಬೇಡಿ, ಆದರೆ ಮುಖ ಹತ್ತಿರ ಒಯ್ಯಬೇಡಿ, ಬಚ್ಚಲ ಬಾಗಿಲು ತೆರೆದಿರಲಿ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬಿ ಹೊರತೆಗೆದು, ತೂತನ್ನು ಮಣ್ಣಿನಿಂದ ಮುಚ್ಚಿ, ರಾತ್ರಿಯಿಡೀ ಹಾಗೇ ಬಿಡಿ. ಬಿಸಿ ಇರುವಾಗ ಮುಚ್ಚಳ ತೆರೆದರೆ ಗಾಳಿ ಹೊಕ್ಕು ಎಲ್ಲ ಬೂದಿಯಾಗುತ್ತದೆ. ನನ್ನ ಮೊದಲ ಡಬ್ಬಿ ಹೀಗೇ ಬೂದಿಯಾಯಿತು.

ಸರಿಯಾಗಿ ಸುಟ್ಟ ಇದ್ದಿಲನ್ನು ನೆಲಕ್ಕೆ ತಾಗಿಸಿದರೆ ಕಿಣಿ ಕಿಣಿ ಸದ್ದು ಬರುತ್ತದೆ. ಮುರಿದರೆ ಒಳಗೂ ಕಪ್ಪೇ ಇರುತ್ತದೆ. ನಡುವೆ ಕಂದು ಬಣ್ಣ ಉಳಿದಿದ್ದರೆ ಇನ್ನೂ ಸುಡಬೇಕಿತ್ತು ಅಂತ.

ಕೈಗೆ ಮೊದಲ ಪಾಠ

ವಸ್ತು ಬಿಡಿಸುವ ಮುಂಚೆ ಮೂರು ದಿನ ಬರೀ ಒತ್ತುವುದನ್ನು ಕಲಿಯಿರಿ. ಒಂದು ಹಾಳೆಯಲ್ಲಿ ಅಂಗೈ ಅಗಲದ ಆರು ಚೌಕ ಮಾಡಿ. ಒಂದೊಂದು ಚೌಕವನ್ನೂ ಇದ್ದಿಲಿನಿಂದ ತುಂಬಿ. ಮೊದಲನೆಯದರಲ್ಲಿ ಇದ್ದಿಲನ್ನು ಮಲಗಿಸಿ, ತೂಕ ಹಾಕದೆ ಎಳೆಯಿರಿ. ಕೊನೆಯದರಲ್ಲಿ ಕಡ್ಡಿ ಮುರಿಯುವಷ್ಟು ಒತ್ತಿ. ನಡುವಿನವನ್ನು ನಿಮಗೆ ತೋಚಿದ ಹಾಗೆ.

ಮರುದಿನ ಇದನ್ನೇ ಮಾಡಿ, ಆದರೆ ಕೈ ಶುರುವಾಗುವ ಮುಂಚೆ ಒಂದು ಗಳಿಗೆಯನ್ನು ನೆನಪು ಮಾಡಿಕೊಳ್ಳಿ. ಯಾರ ಹತ್ತಿರವೂ ಹೇಳದ್ದು. ಫೋನ್ ಬಂದು ನೀವು ಎತ್ತದೇ ಹೋದದ್ದು. ಬಸ್ ಸ್ಟ್ಯಾಂಡಿನಲ್ಲಿ ಕೈ ಬೀಸಿ ತಿರುಗಿ ನೋಡದೇ ಬಂದದ್ದು. ಕಣ್ಣು ಮುಚ್ಚಿ ಚೌಕ ತುಂಬಿ. ಹೆಸರು ಬರೆಯಬೇಡಿ, ದಿನಾಂಕ ಮಾತ್ರ ಹಾಕಿ. ಮೂರನೇ ದಿನ ಎಲ್ಲ ಚೌಕಗಳನ್ನೂ ಗೋಡೆಗೆ ಒರಗಿಸಿ ದೂರದಿಂದ ನೋಡಿ. ಕೋಪದ ನೆನಪು ಕಪ್ಪಾಗಿ ಬರುತ್ತದೆ ಅಂದುಕೊಂಡಿರುತ್ತೀರಿ. ನನ್ನದರಲ್ಲಿ ತೀರಾ ಮೆಲ್ಲಗೆ, ಮುಟ್ಟಿಯೂ ಮುಟ್ಟದ ಹಾಗೆ ಬಂದದ್ದೇ ಕೋಪದ ಚೌಕ. ಒತ್ತಿ ಒತ್ತಿ ಹಾಳೆ ಹರಿಯುವ ಹಾಗಾಗಿದ್ದು ನಾಚಿಕೆಯದು. ನಿಮ್ಮ ಕೈಯ ಭಾಷೆ ನಿಮಗೇ ಬೇರೆ. ಅದನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ.

ಏನನ್ನು ಬಿಡಿಸಬೇಕು

ಅಳುವ ಮುಖ ಬೇಡ. ಕಣ್ಣೀರು ಕಂಡ ಕೂಡಲೇ ನೋಡುವವರಿಗೆ ಅರ್ಥ ಆಗಿಬಿಡುತ್ತದೆ, ಅರ್ಥ ಆದ ಕೂಡಲೇ ಅವರು ಮುಂದೆ ಹೋಗುತ್ತಾರೆ. ಯಕ್ಷಗಾನದಲ್ಲಿ ಮುಖವೇ ಮಾತಾಡಬೇಕು, ರಂಗಸ್ಥಳದಿಂದ ಹಿಂದಿನ ಸಾಲಿನ ತನಕ ಭಾವ ಮುಟ್ಟಬೇಕು. ನಮ್ಮ ಚಿತ್ರದ ದಾರಿ ಬೇರೆ. ನಾವು ಆಟ ಮುಗಿದ ಮೇಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಒರೆಸಿಕೊಳ್ಳುವವನ ಬೆನ್ನನ್ನು ನೋಡಬೇಕು. ಕಿರೀಟ ಇಳಿಸಿದ ಮೇಲೆ ಅವನ ಕುತ್ತಿಗೆ ಹೇಗೆ ಬಾಗಿದೆ ಅನ್ನುವುದನ್ನು ನೋಡಬೇಕು.

ಭಾವವನ್ನು ಹೊತ್ತ ವಸ್ತು ಹುಡುಕಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಕಾರವಾರದ ಬೈತಖೋಲ್ ಬಂದರಿನ ಕಡೆ ಹೋದರೆ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಮಡಚಿಟ್ಟ ಬಲೆಗಳ ಮೇಲೆ ತಾಡಪಾಲು. ಆ ತಾಡಪಾಲಿನ ಕೆಳಗೆ ಎರಡು ತಿಂಗಳ ಮನೆ ಖರ್ಚಿನ ಚಿಂತೆ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ, ಅದೂ ಒಂದು ಚಿತ್ರ. ವಸ್ತು ಸಣ್ಣದಿರಲಿ, ದಿನಾ ಕಣ್ಣಿಗೆ ಬೀಳುವಂಥದ್ದಿರಲಿ. ಮನುಷ್ಯರನ್ನು ಬಿಡಿಸುವುದಾದರೆ ಮೊದಲು ಕೇಳಿ.

ಆರಿಸಿದ ವಸ್ತುವಿನ ಎದುರು ಹದಿನೈದು ನಿಮಿಷ ಸುಮ್ನೆ ಕೂತುಕೊಳ್ಳಿ. ಪೆನ್ಸಿಲ್ ಬೇಡ, ಫೋನೂ ಬೇಡ. ನಾನು ಹರಿವಾಣದ ಎದುರು ಕೂತಾಗ ಮೊದಲ ಐದು ನಿಮಿಷ ಹಿತ್ತಾಳೆ ಕಾಣಿಸಿತು. ಆಮೇಲೆ ಡಬ್ಬಿಯ ಒಂದು ಬದಿ ಮಾತ್ರ ಹೊಳೆಯುತ್ತಿರುವುದು ಕಂಡಿತು. ಆಯಿಯ ಹೆಬ್ಬೆರಳು ದಿನಾ ಹಿಡಿಯುವ ಜಾಗ ಅದು. ಉಳಿದ ಕಡೆ ಕಿಲುಬು. ಚಿತ್ರ ಅಲ್ಲೇ ಇತ್ತು.

ಬೆಳಕು

ನಮ್ಮ ಹಳೆ ಹೆಂಚಿನ ಮನೆಗಳು ಇದ್ದಿಲಿಗಾಗಿಯೇ ಕಟ್ಟಿದ ಹಾಗಿವೆ. ಒಳಗೆ ಕತ್ತಲೆ, ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹೆಂಚು. ಅಲ್ಲಿಂದ ಇಳಿಯುವ ಬೆಳಕಿನ ಕೋಲು ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ. ನೀವು ಆರಿಸಿದ ವಸ್ತುವಿನ ಹತ್ತಿರ ಅದು ಯಾವ ಹೊತ್ತಿಗೆ ಬರುತ್ತದೆ ಅಂತ ಎರಡು ದಿನ ಗಮನಿಸಿ, ಅದೇ ಹೊತ್ತಿಗೆ ಕೂರಿ. ಕಾರವಾರದ ಫ್ಲ್ಯಾಟಿನಲ್ಲಿರುವವರು ಒಂದೇ ಕಿಟಕಿ ತೆರೆದು ಉಳಿದದ್ದಕ್ಕೆ ಪರದೆ ಎಳೆದರೆ ಆಯಿತು. ಟ್ಯೂಬ್‌ಲೈಟ್ ಆರಿಸಿ. ನಾಲ್ಕೂ ಕಡೆ ಬೆಳಕಿದ್ದರೆ ಏನನ್ನೂ ಮುಚ್ಚಿಡಲು ಆಗುವುದಿಲ್ಲ.

ಮೊದಲು ಮಸಿ, ಮಸಿಯೊಳಗಿಂದ ಬೆಳಕು

ಇದು ಇಡೀ ಕೆಲಸದ ಜೀವ. ಬಿಳಿ ಹಾಳೆಯ ಮೇಲೆ ಗೆರೆ ಹಾಕಿ ಶುರು ಮಾಡಬೇಡಿ. ಕಡ್ಡಿ ಇದ್ದಿಲನ್ನು ಮಲಗಿಸಿ ಇಡೀ ಹಾಳೆಗೆ ಸವರಿ. ಪಂಚೆ ತುಂಡಿನಿಂದ ಮೆಲ್ಲಗೆ ಉಜ್ಜಿ. ಇನ್ನೊಮ್ಮೆ ಸವರಿ, ಇನ್ನೊಮ್ಮೆ ಉಜ್ಜಿ. ಹಾಳೆ ಮಳೆಗಾಲದ ಮಧ್ಯಾಹ್ನದ ಮೋಡದ ಬಣ್ಣಕ್ಕೆ ಬರಬೇಕು. ಅದಕ್ಕಿಂತ ಕಪ್ಪು ಬೇಡ.

ಈಗ ಇರೇಸರ್ ನಿಮ್ಮ ಪೆನ್ಸಿಲ್. ಬೆಳಕು ಬಿದ್ದ ಜಾಗವನ್ನು ಮಾತ್ರ ಎತ್ತಿ ತೆಗೆಯಿರಿ.

ಇದು ಹೊರಗಿನಿಂದ ಬಂದ ವಿದ್ಯೆ ಅಂತ ಅನಿಸಿದರೆ ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರ ನೋಡಿ ಬನ್ನಿ. ಕಾವಿ ಕೆಲಸದಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಅದು ಹಸಿ ಇರುವಾಗಲೇ ಚೂಪು ಸಾಧನದಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುತ್ತಾರೆ. ಮೇಲಿನದನ್ನು ತೆಗೆದಾಗ ಚಿತ್ರ ಬರುತ್ತದೆ. ಕೊಂಕಣ ಕರಾವಳಿಯ ಕುಶಲಕರ್ಮಿಗಳಿಗೆ ಇದು ಕೈಗೆ ಹತ್ತಿದ ವಿದ್ಯೆ. ನಾವು ಗೋಡೆಯ ಬದಲು ಹಾಳೆಯ ಮೇಲೆ, ಕಾವಿಯ ಬದಲು ಇದ್ದಿಲಿನಲ್ಲಿ ಮಾಡುತ್ತಿದ್ದೇವೆ ಅಷ್ಟೇ.

ದೊಡ್ಡ ಬೆಳಕು ಮೊದಲು. ನನ್ನ ಚಿತ್ರದಲ್ಲಿ ಅದು ಕುರ್ಚಿಯ ಕೈಯ ಮೇಲೆ ಬಿದ್ದ ಒಂದು ಪಟ್ಟಿ. ನೀಡಬಲ್ ಇರೇಸರನ್ನು ಚಪ್ಪಟೆ ಮಾಡಿ ಒತ್ತಿ ಎತ್ತಿದೆ. ತಿಕ್ಕಲಿಲ್ಲ. ತಿಕ್ಕಿದರೆ ಹಾಳೆಯ ತರಿ ಸಾಯುತ್ತದೆ. ಆಮೇಲೆ ಸ್ಟೂಲಿನ ಅಂಚು. ಆಮೇಲೆ ಹರಿವಾಣದ ಬಾಯಿ. ಈ ಹಂತದಲ್ಲಿ ಕಣ್ಣು ಅರ್ಧ ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಣ್ಣ ವಿವರ ಮಾಯವಾಗಿ ಬೆಳಕು, ಕತ್ತಲೆ ಎರಡೇ ಉಳಿಯುತ್ತವೆ.

ಬೆಳಕು ಸಿಕ್ಕ ಮೇಲೆ ಕತ್ತಲೆಗೆ ಇಳಿಯಿರಿ. ಕುರ್ಚಿಯ ಕೂರುವ ಜಾಗಕ್ಕೆ ನಾನು ಇದ್ದಿಲನ್ನು ಪದರ ಪದರವಾಗಿ ಹಾಕಿದೆ, ಉಜ್ಜದೇ ಬಿಟ್ಟೆ. ಉಜ್ಜಿದ ಕಪ್ಪು ದೂರದ ಕಪ್ಪು, ಹೊಗೆಯ ಹಾಗೆ. ಉಜ್ಜದ ಕಪ್ಪು ಹತ್ತಿರದ್ದು, ಅದಕ್ಕೆ ಮೈ ಇರುತ್ತದೆ. ಎಲ್ಲವನ್ನೂ ಉಜ್ಜಿ ನುಣುಪು ಮಾಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಚಿತ್ರ ಫೋಟೋ ಥರ ಕಾಣಬಹುದು, ಆದರೆ ಕೈ ಎಲ್ಲಿ ಹೋಯಿತು?

ಫ್ರೆಂಚ್ ಕಲಾವಿದ ಜಾರ್ಜ್ ಸೂರಾ 1880ರ ದಶಕದಲ್ಲಿ ಕಪ್ಪು ಕಾಂಟೆ ಕಡ್ಡಿಯಿಂದ (ಇದ್ದಿಲಿನ ಥರದ ಗಟ್ಟಿ ಬಣ್ಣದ ಕಡ್ಡಿ) ತನ್ನ ಅಮ್ಮ ಹೊಲಿಗೆಯಲ್ಲಿ ಮುಳುಗಿದ್ದನ್ನು ಬಿಡಿಸಿದ್ದಾನೆ. ಅದರಲ್ಲಿ ಹೊರಗೆರೆ ಅನ್ನುವುದೇ ಇಲ್ಲ. ತರಿ ಹಾಳೆಯ ಮೇಲೆ ಕಪ್ಪು ದಟ್ಟವಾಗುತ್ತಾ, ತೆಳುವಾಗುತ್ತಾ ಬಾಗಿದ ತಲೆ ಆಗುತ್ತದೆ. ಅಮ್ಮ ಏನು ಯೋಚಿಸುತ್ತಿದ್ದಾಳೆ ಅಂತ ಅವನು ಹೇಳುವುದಿಲ್ಲ. ಅವಳ ಮೌನಕ್ಕೆ ಅಡ್ಡ ಬರುವುದಿಲ್ಲ.

ಪೆನ್ಸಿಲ್ ಎಲ್ಲಿ ಬರಬೇಕು

ಪೆನ್ಸಿಲ್‌ಗೆ ಚಿತ್ರದಲ್ಲಿ ಒಂದೇ ಜಾಗ ಕೊಡಿ. ಅಂಗೈಗಿಂತ ದೊಡ್ಡದಲ್ಲದ ಜಾಗ. ನೀವು ಹದಿನೈದು ನಿಮಿಷ ಸುಮ್ನೆ ಕೂತಾಗ ಕಣ್ಣು ಮತ್ತೆ ಮತ್ತೆ ಎಲ್ಲಿಗೆ ಹೋಯಿತೋ ಅದು. ನನಗೆ ಅದು ಸುಣ್ಣದ ಡಬ್ಬಿ.

ಆ ಜಾಗದ ಇದ್ದಿಲನ್ನು ಇರೇಸರ್‌ನಿಂದ ಆದಷ್ಟು ಎತ್ತಿ. ಎಚ್‌ಬಿಯಿಂದ ಆಕಾರ, 2ಬಿಯಿಂದ ನೆರಳು, 6ಬಿಯಿಂದ ಒಂದೆರಡು ಗಾಢ ಚುಕ್ಕೆ. ಅವಸರ ಬೇಡ. ಡಬ್ಬಿಯ ಅಂಚಿಗೆ ಹಿಡಿದ ಸುಣ್ಣದ ಒಣ ಪದರ, ಆಯಿಯ ಉಗುರು ಕೆರೆದ ಗೀರುಗಳು, ಹೆಬ್ಬೆರಳು ಉಜ್ಜಿ ಹೊಳೆವ ಬದಿ. ಇಷ್ಟಕ್ಕೇ ನನಗೆ ಎರಡು ಬೆಳಗು ಬೇಕಾಯಿತು. ಇಡೀ ಕುರ್ಚಿಗೆ ಬೇಕಾಗಿದ್ದು ಅರ್ಧ ಗಂಟೆ.

ಗ್ರಾಫೈಟ್‌ನ ಮಿಂಚು ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಸುತ್ತ ಇದ್ದಿಲು ಬೆಳಕು ನುಂಗಿ ಕೂತಿರುವಾಗ ಈ ಒಂದು ತುಂಡು ಮಾತ್ರ, ನೋಡುವವರು ಅತ್ತಿತ್ತ ಸರಿದಂತೆ, ಮಿನುಗುತ್ತದೆ. ವಿನ್ಸೆಂಟ್ ವ್ಯಾನ್ ಗೋ ಮಾತ್ರ ಈ ಮಿಂಚನ್ನು ಸಹಿಸುತ್ತಿರಲಿಲ್ಲ. 1882ರಲ್ಲಿ ಹೇಗ್ ನಗರದಲ್ಲಿದ್ದಾಗ ಬಡಗಿಗಳ ಪೆನ್ಸಿಲ್‌ನಿಂದ ಬಿಡಿಸಿ, ಮೇಲೆ ಹಾಲು ನೀರು ಬೆರೆಸಿ ಹಾಕಿ ಮಿಂಚು ತೆಗೆಯುತ್ತಿದ್ದ. ಅವನ ಊರಿನ ಹವೆಗೆ ಅದು ನಡೆಯಿತು. ಕರಾವಳಿಯಲ್ಲಿ ಹಾಳೆಗೆ ಹಾಲು ತಾಗಿಸಿದರೆ ಮರುವಾರ ಹಸಿರು ಬೂಸ್ಟು.

ಎಲ್ಲವನ್ನೂ ಒಂದೇ ಸಮ ಮುಗಿಸಬೇಡಿ ಅನ್ನುವುದಕ್ಕೆ ನನಗೆ ಧೈರ್ಯ ಕೊಟ್ಟವಳು ಜರ್ಮನಿಯ ಕೇಥೆ ಕೋಲ್‌ವಿಟ್ಸ್. ಅವಳ ಕಿರಿಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಯುದ್ಧದಲ್ಲಿ ಸತ್ತ. ಮುಂದೆ 1933ರಲ್ಲಿ ಅವಳು ಇದ್ದಿಲಿನಲ್ಲಿ ತನ್ನನ್ನೇ ಚಿತ್ರ ಬಿಡಿಸುತ್ತಿರುವ ಹಾಗೆ ಬಿಡಿಸಿಕೊಂಡಳು. ಮುಖಕ್ಕೆ, ಕೈಗೆ ನಿಧಾನದ ಕೆಲಸ. ನಡುವಿನ ತೋಳು ಮಾತ್ರ ಇದ್ದಿಲಿನ ಅಗಲ ಬದಿಯಿಂದ ಅಡ್ಡಾದಿಡ್ಡಿ ಎಳೆದ ಬೀಸು ಗೆರೆ. ಮುಖ ಶಾಂತವಾಗಿದೆ. ತಡೆಹಿಡಿದದ್ದೆಲ್ಲ ಆ ತೋಳಿನಲ್ಲಿ ಹರಿಯುತ್ತಿದೆ.

ಅಳಿಸಿದ್ದು ಉಳಿಯಲಿ

ಇದ್ದಿಲು ಪೂರ್ತಿ ಅಳಿಯುವುದಿಲ್ಲ. ಎಷ್ಟೇ ಎತ್ತಿದರೂ ಮಸುಕಾದ ಗುರುತು ಉಳಿಯುತ್ತದೆ. ಇದನ್ನು ದೋಷ ಅಂದುಕೊಂಡು ಬಿಳಿ ಬಣ್ಣ ಬಳಿಯಬೇಡಿ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ 1989ರಿಂದ ಇದ್ದಿಲಿನ ಅನಿಮೇಷನ್ ಮಾಡುತ್ತಾ ಬಂದಿದ್ದಾರೆ. ಒಂದೇ ಹಾಳೆಯ ಮೇಲೆ ಬಿಡಿಸಿ, ಚಿತ್ರೀಕರಿಸಿ, ಸ್ವಲ್ಪ ಅಳಿಸಿ, ಮತ್ತೆ ಬಿಡಿಸುತ್ತಾರೆ. ನಡೆದುಹೋದವನ ನೆರಳು ಹಾಳೆಯ ಮೇಲೆ ಉಳಿದೇ ಇರುತ್ತದೆ.

ಇದನ್ನು ಅಭ್ಯಾಸ ಮಾಡಲು ಕಾರವಾರದವರಿಗೆ ಒಂದು ವಸ್ತು ಹೇಳುತ್ತೇನೆ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಉಳಿಸಿದರು. ನಮ್ಮಲ್ಲಿ ಎಷ್ಟೋ ಜನ ಸದಾಶಿವಗಡಕ್ಕೆ ಅದರ ಮೇಲೇ ಓಡಾಡಿದವರು. ಅದನ್ನು ನೆನಪಿನಿಂದ ಪೂರ್ತಿ ಬಿಡಿಸಿ, ಕಂಬ ಕಂಬವಾಗಿ. ಆಮೇಲೆ ಇರೇಸರ್‌ನಿಂದ ಎತ್ತಿ ತೆಗೆಯಿರಿ. ಉಳಿದ ಮಸುಕು ಗುರುತಿನ ಕೆಳಗೆ ನದಿಯನ್ನು ಮಾತ್ರ ಪೆನ್ಸಿಲ್‌ನಿಂದ ಬಿಡಿಸಿ. ಇಲ್ಲದ್ದನ್ನು ತೋರಿಸುವುದು ಹೇಗೆ ಅಂತ ಕೈಗೆ ಗೊತ್ತಾಗುತ್ತದೆ.

ಅಳಿಸಿದ್ದನ್ನು ಕಾಪಾಡಿಕೊಂಡ ಇನ್ನೊಬ್ಬರು ನಮ್ಮ ಕಾರವಾರದ ಕಡಲತೀರದಲ್ಲೇ ಓಡಾಡಿದವರು. ರವೀಂದ್ರನಾಥ ಟಾಗೋರ್ 1883ರ ಹೊತ್ತಿಗೆ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಆಗ ಅವರು ಚಿತ್ರಕಾರರಲ್ಲ. ಎಷ್ಟೋ ವರ್ಷದ ಮೇಲೆ ಹಸ್ತಪ್ರತಿಯಲ್ಲಿ ತಾವು ಹೊಡೆದು ಹಾಕಿದ ಪದಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದರು, ಅವು ಹಕ್ಕಿ, ಮೃಗ, ಮುಖವಾದವು. ಅರವತ್ತು ದಾಟಿದ ಮೇಲೆ ಚಿತ್ರ ಹಿಡಿದವರು, 1930ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಮಾಡಿದರು. ಬೇಡವೆಂದು ಹೊಡೆದ ಸಾಲಿನಿಂದಲೇ ಅದು ಶುರುವಾಗಿದ್ದು, ಅಲ್ವಾ? ಇರೇಸರ್ ಹಿಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಿಲ್ಲಿಸುವ ಹೊತ್ತು ಯಾವುದು ಅಂತ ಕೇಳುತ್ತಾರೆ. ಕೈ ಅಂದ ಮಾಡಲು ಶುರು ಮಾಡಿದ ಕೂಡಲೇ ನಿಲ್ಲಿಸಿ. ಚಿತ್ರವನ್ನು ಗೋಡೆಗೆ ಮುಖ ಮಾಡಿಟ್ಟು ಎರಡು ದಿನ ಬಿಟ್ಟು ನೋಡಿ. ಆಗಲೂ ಬೇಕೆನಿಸಿದರೆ ಮಾತ್ರ ಕಂಪ್ರೆಸ್ಡ್ ಚಾರ್ಕೋಲ್‌ನಿಂದ ಒಂದು ಜಾಗಕ್ಕೆ, ಒಂದೇ ಸಲ.

ಸ್ಪ್ರೇ, ಗಾಜು, ಮಳೆಗಾಲ

ಪುಡಿ ಉದುರದ ಹಾಗೆ ಹಾಳೆಗೆ ಹಿಡಿಸಲು ಫಿಕ್ಸೆಟಿವ್ ಅನ್ನುವ ಸ್ಪ್ರೇ ಹೊಡೆಯುತ್ತಾರೆ. ಚಿತ್ರ ಮುಗಿದ ಮೇಲೆ ಒಂದು ವಾರ ಅದನ್ನು ಹೊಡೆಯಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಫಿಕ್ಸೆಟಿವ್ ಸ್ಪ್ರೇಯನ್ನು ಮಳೆಯಿಲ್ಲದ, ಗಾಳಿ ಜೋರಿಲ್ಲದ ದಿನ ಅಂಗಳದಲ್ಲಿ ಹೊಡೆಯಿರಿ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಒಲೆಯಿಂದ ದೂರ ಇರಿ. ಸುಮಾರು 30 ಸೆಂಟಿಮೀಟರ್ ದೂರದಿಂದ, ಹಾಳೆಯ ಹೊರಗೆ ಶುರು ಮಾಡಿ ಹೊರಗೇ ಮುಗಿಸುತ್ತಾ, ತೆಳ್ಳಗೆ ಎರಡು ಮೂರು ಸಲ. ಒಂದೇ ಸಲ ಜಾಸ್ತಿ ಹೊಡೆದರೆ ಹನಿ ಕೂತು ಕಲೆಯಾಗುತ್ತದೆ. ಸ್ಪ್ರೇ ತಾಗಿದ ಮೇಲೆ ತೆಳು ಬೂದು ಸ್ವಲ್ಪ ಕಪ್ಪಾಗುತ್ತದೆ, ಅದನ್ನು ಮೊದಲೇ ಲೆಕ್ಕದಲ್ಲಿಡಿ. ಜುಲೈ ತೇವದಲ್ಲಿ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುವುದೂ ಉಂಟು. ಕೂದಲಿಗೆ ಹಾಕುವ ಸ್ಪ್ರೇ ಬೇಡ, ವರ್ಷ ಕಳೆದ ಹಾಗೆ ಹಾಳೆ ಹಳದಿಯಾಗುತ್ತದೆ.

ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ) ಅಂತರ ಬೇಕೇ ಬೇಕು. ಒಬ್ಬರು ನನ್ನ ಒಂದು ಚಿತ್ರವನ್ನು ಗಾಜಿಗೆ ಒತ್ತಿ ಕಟ್ಟಿಕೊಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಇದ್ದಿಲು ಗಾಜಿನ ಮೇಲಿತ್ತು. ಪ್ಲಾಸ್ಟಿಕ್ ಹಾಳೆಯ ಗಾಜೂ ಬೇಡ, ಅದರ ಮೇಲೆ ಹುಟ್ಟುವ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹಾಳೆಯೇ ತೇವ ಕುಡಿದು ಮೆತ್ತಗಾಗುತ್ತದೆ. ಆಗ ಇದ್ದಿಲು ಹಾಳೆಯೊಳಗೆ ಹೊಕ್ಕಿ ಕೂರುತ್ತದೆ, ಇರೇಸರ್ ಮಾತು ಕೇಳುವುದಿಲ್ಲ. ಖಾಲಿ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಕೆಲಸದ ದಿನ ಮಾತ್ರ ತೆಗೆಯಿರಿ. ಮುಗಿದ ಚಿತ್ರಗಳ ನಡುವೆ ಬಟರ್ ಪೇಪರ್ ಹಾಕಿ ಮಲಗಿಸಿಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಬಿಸಿಲು ಬಿದ್ದ ದಿನ ಎಲ್ಲ ತೆಗೆದು ಒಳಗೇ ಗಾಳಿಗೆ ಹರಡಿ.

ಆ ಒಂದು ವಾರ

ಸ್ಪ್ರೇ ಹೊಡೆದ ಮೇಲೆ ಇದ್ದಿಲು ಏಳುವುದಿಲ್ಲ, ಅದರ ಮೇಲೆ ಪೆನ್ಸಿಲ್ಲೂ ಮುಂಚಿನ ಹಾಗೆ ಹಿಡಿಯುವುದಿಲ್ಲ. ಅದಕ್ಕೇ ಅದಕ್ಕೂ ಮುಂಚೆ ಚಿತ್ರವನ್ನು ಅದರಲ್ಲಿರುವವರಿಗೆ ತೋರಿಸಬೇಕು. ಅವರ ಮನಸ್ಸಿನೊಳಗಿನದನ್ನು ನೀವು ಕೇಳದೇ ತೆಗೆದುಕೊಂಡಿದ್ದೀರಿ. ಅವರು ಬೇಡ ಅಂದರೆ ಆ ಚಿತ್ರ ಹೊರಗೆ ಹೋಗಬಾರದು. ತೋರಿಸುವಾಗ ಏನನ್ನೂ ವಿವರಿಸಬೇಡಿ. ಕೈಗೆ ಕೊಟ್ಟು ಸುಮ್ಮನಿರಿ.

ನಾನು ಹಲಗೆಯನ್ನು ಜಗುಲಿಯ ಗೋಡೆಗೆ ಒರಗಿಸಿಟ್ಟೆ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಇದೆಂತದೇ ಕೂಸೇ, ಕುರ್ಚಿಯೆಲ್ಲಾ ಮಸಿ ಮಾಡಿಟ್ಟಿದ್ಯಲೇ."

ನಾನು ಮಾತಾಡಲಿಲ್ಲ. ಅವಳು ಹತ್ತಿರ ಬಂದು ಬಗ್ಗಿದಳು. ತುಂಬಾ ಹೊತ್ತು ನೋಡಿದಳು. ಬೆರಳು ಹಾಳೆಗೆ ತಾಗದ ಹಾಗೆ ಡಬ್ಬಿಯ ಮೇಲೆ ಹಿಡಿದು ಹೇಳಿದಳು.

"ಮುಚ್ಚಳ ಹಾಕಿದ್ದೇ ಇಲ್ಯಲೇ. ಸುಣ್ಣ ಒಣಗ್ತು."

ಒಳಗೆ ಹೋಗಿ ಎಚ್‌ಬಿ ಪೆನ್ಸಿಲ್ ತಂದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಾಗೇ, ಡಬ್ಬಿಗೆ ಮುಚ್ಚಳ ಬಿಡಿಸಿದೆ.